ಫಾರ್ಮ್ಯಾಟ್ ಹೊಡೆಯೋದಾ, ಅಪ್‌ಗ್ರೇಡ್ ಮಾಡೋದಾ? ಎರಡನ್ನೂ ಮಾಡಿ ನೋಡಿದೆ

ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಅಲ್ಲಿಂದಾಚೆ ನಮ್ಮ ನೆಂಟರಲ್ಲಿ ಕಂಪ್ಯೂಟರ್ ಇರುವವರೆಲ್ಲ ಕೇಳುವುದು ಒಂದೇ. ಇರುವುದರ ಮೇಲೇ ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಮಾಡೋದಾ, ಇಲ್ಲಾ ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕೋದಾ? ಮೈಸೂರಿನಲ್ಲಿ ನಾನು ವಿಚಾರಿಸಿದ ಸರ್ವೀಸ್ ಅಂಗಡಿಯವರೆಲ್ಲ "ಫಾರ್ಮ್ಯಾಟ್ ಮಾಡಿಸಿಬಿಡಿ ಸಾರ್, ಕ್ಲೀನಾಗಿರುತ್ತೆ" ಅಂದರು. ಅವರಿಗೆ ಅದು ಸುಲಭ. ಆಮೇಲೆ ಫೈಲು, ಫಾಂಟು ಹುಡುಕಿಕೊಂಡು ಕೂರುವವರು ನಾವು ತಾನೇ.

ಮಂಡ್ಯದ ಗುತ್ತಲು ರಸ್ತೆಯಲ್ಲಿ ನಮ್ಮ ಅಕ್ಕ-ಭಾವನ ಡಿಟಿಪಿ ಅಂಗಡಿ ಇದೆ. ಅಲ್ಲಿನ ಡೆಸ್ಕ್‌ಟಾಪನ್ನು ಅಪ್‌ಗ್ರೇಡ್ ಮಾಡಿದೆ. ಕುವೆಂಪುನಗರದ ಮನೆಯಲ್ಲಿರುವ ನನ್ನ ಲ್ಯಾಪ್‌ಟಾಪನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿದೆ. ಎರಡೂ ಈಗ ಸರಿಯಾಗಿಯೇ ಓಡುತ್ತಿವೆ. ಆದರೆ ಅಂಗಡಿಗೆ ಫಾರ್ಮ್ಯಾಟ್ ಬೇಡ, ಮನೆಗೆ ಅಪ್‌ಗ್ರೇಡ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಮೊದಲು ಅಂಗಡಿ. ಭಾವ ಒಂದೇ ಮಾತು ಹೇಳಿದ್ದರು. "ನೋಡಪ್ಪಾ, ಮದ್ವೆ ಸೀಸನ್ನು. ಒಂದ್ ಫಾಂಟ್ ಹೋದ್ರೂ ಬಾಗ್ಲು ಹಾಕ್ಬೇಕಾಯ್ತದೆ." ಅದು ಉತ್ಪ್ರೇಕ್ಷೆ ಅಲ್ಲ. ಲಗ್ನಪತ್ರಿಕೆಗಳೆಲ್ಲ ಇರುವುದು ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ, ಯೂನಿಕೋಡ್‌ನಲ್ಲಿ (ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿಗೂ ಒಂದೇ ಸಂಕೇತ ಇರುವ ವ್ಯವಸ್ಥೆ) ಅಲ್ಲ. ಈ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡಿರುತ್ತವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಫೈಲ್ ತೆರೆದರೆ ವಧೂವರರ ಹೆಸರಿನ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡ್ ಫೈಲಿಗೆ ಈ ಕಷ್ಟ ಇಲ್ಲ. ಒಂದು ಫಾಂಟ್ ಇಲ್ಲದಿದ್ದರೆ ವಿಂಡೋಸ್‌ನಲ್ಲೇ ಇರುವ ನಿರ್ಮಲಾ ಫಾಂಟ್ ಬಂದು ಅಕ್ಷರವನ್ನಾದರೂ ತೋರಿಸುತ್ತದೆ.

ಜೊತೆಗೆ ಪೇಜ್‌ಮೇಕರ್, ಅಂದರೆ ಪುಟ ವಿನ್ಯಾಸದ ಪ್ರೋಗ್ರಾಂ. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಅಂಗಡಿಯಲ್ಲಿ ಈಗಲೂ ಅದೇ ಅನ್ನ ಹಾಕುತ್ತಿದೆ. ಅದರ ಸಿಡಿ ಎಲ್ಲಿದೆ ಅಂತ ಅಕ್ಕನಿಗೂ ಗೊತ್ತಿಲ್ಲ, ಭಾವನಿಗೂ ಗೊತ್ತಿಲ್ಲ. ಇಂಥ ಕಂಪ್ಯೂಟರಿಗೆ ಫಾರ್ಮ್ಯಾಟ್ ಹೊಡೆಯೋದು ಅಂದರೆ ಸುಮ್ನೆ ತಲೆನೋವು ತರಿಸಿಕೊಂಡಂತೆ.

ಅಪ್‌ಗ್ರೇಡ್‌ನ ದೊಡ್ಡ ಲಾಭ ಇಲ್ಲೇ. ಐಎಸ್‌ಒ ಫೈಲ್ (ಇಡೀ ವಿಂಡೋಸ್ ಸೆಟಪ್ ಒಂದೇ ಫೈಲಿನಲ್ಲಿ) ಇಳಿಸಿಕೊಂಡು, ಅದನ್ನು ತೆರೆದು, ಸೆಟಪ್ ಓಡಿಸಿ, ಫೈಲುಗಳೂ ಆ್ಯಪ್‌ಗಳೂ ಇರಲಿ ಅನ್ನುವ ಆಯ್ಕೆ ಒತ್ತಿದರೆ ಆಯಿತು. ನಾಲ್ಕಾರು ಸಲ ರೀಸ್ಟಾರ್ಟ್ ಆಗಿ ಎದ್ದಾಗ ಫಾಂಟ್, ಪ್ರಿಂಟರ್, ಪೇಜ್‌ಮೇಕರ್ ಎಲ್ಲ ಇದ್ದಲ್ಲೇ ಇದ್ದವು. ಡೆಸ್ಕ್‌ಟಾಪಿನ ಮೇಲೆ ಚೆಲ್ಲಾಡಿದ್ದ ಐಕಾನ್‌ಗಳೂ ಇದ್ದಲ್ಲೇ! ಮಧ್ಯೆ ಕರೆಂಟ್ ಹೋಗಬಾರದು ಅಷ್ಟೇ. ಯುಪಿಎಸ್ ಗಟ್ಟಿಯಾಗಿದೆಯಾ ನೋಡಿಕೊಂಡೇ ಶುರುಮಾಡಿ.

ಹಾಗಂತ ಅದು ಪೂರ್ತಿ ಸಲೀಸಾಗಿ ಆಗಲಿಲ್ಲ. ಶುರುವಾಗುವ ಮೊದಲೇ ಎರಡು ಅಡ್ಡಿ. 11ಕ್ಕೆ ಟಿಪಿಎಂ 2.0 (ಗುಪ್ತ ಕೀಗಳನ್ನು ಭದ್ರವಾಗಿಡುವ ವ್ಯವಸ್ಥೆ) ಬೇಕು, ಯುಇಎಫ್ಐ (ಹಳೆಯ ಬಯಾಸ್ ಜಾಗಕ್ಕೆ ಬಂದ, ಕಂಪ್ಯೂಟರನ್ನು ಎಬ್ಬಿಸುವ ವ್ಯವಸ್ಥೆ) ಮತ್ತು ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರನ್ನಷ್ಟೇ ಏಳಲು ಬಿಡುವ ಸೌಲಭ್ಯ) ಇರಬೇಕು. ಪ್ರೊಸೆಸರ್ ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಪೀಳಿಗೆ ಅಥವಾ ಆಮೇಲಿನದ್ದು. ಭಾವನ ಕಂಪ್ಯೂಟರಿನಲ್ಲಿ ಟಿಪಿಎಂ ಇತ್ತು, ಬಯಾಸ್‌ನಲ್ಲಿ (ವಿಂಡೋಸ್ ಏಳುವ ಮೊದಲು ಸಿಗುವ ಸೆಟ್ಟಿಂಗ್) ಆಫ್ ಆಗಿತ್ತು. ಇಂಟೆಲ್ ಬೋರ್ಡುಗಳಲ್ಲಿ ಅದು ಪಿಟಿಟಿ ಅನ್ನುವ ಹೆಸರಲ್ಲಿರುತ್ತದೆ, ಎಎಂಡಿಯಲ್ಲಿ ಎಫ್‌ಟಿಪಿಎಂ. ಅದನ್ನು ಆನ್ ಮಾಡಿದ್ದಾಯಿತು. ಆದರೆ ಡಿಸ್ಕಿನ ಪಾರ್ಟಿಶನ್‌ಗಳ ಪಟ್ಟಿ ಹಳೆಯ ಎಂಬಿಆರ್ ಮಾದರಿಯಲ್ಲಿತ್ತು, ಯುಇಎಫ್ಐಗೆ ಹೊಸ ಜಿಪಿಟಿ ಮಾದರಿ ಬೇಕು. ವಿಂಡೋಸ್ 10ರಲ್ಲೇ ಇರುವ ಎಂಬಿಆರ್2ಜಿಪಿಟಿ ಅನ್ನುವ ಕಮಾಂಡ್ ಡೇಟಾ ಅಳಿಸದೆ ಇದನ್ನು ಬದಲಿಸುತ್ತದೆ. ಬದಲಿಸಿದ ಮೇಲೆ ಬಯಾಸ್‌ನಲ್ಲಿ ಲೆಗಸಿ ಅನ್ನುವ ಹಳೆಯ ಮೋಡ್ ಬಿಟ್ಟು ಯುಇಎಫ್ಐಗೆ ಹೋಗಬೇಕು, ಇಲ್ಲದಿದ್ದರೆ ಕಂಪ್ಯೂಟರ್ ಏಳುವುದಿಲ್ಲ. ಬ್ಯಾಕಪ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಫಾರ್ಮ್ಯಾಟ್ ದಾರಿಯಲ್ಲಿ ಎಂಬಿಆರ್ ಬದಲಿಸುವ ಈ ರಗಳೆಯೇ ಇಲ್ಲ. ಯುಇಎಫ್ಐ ಮೋಡಿನಲ್ಲಿ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಹಳೆಯ ಪಾರ್ಟಿಶನ್‌ಗಳನ್ನೆಲ್ಲ ತೆಗೆದರೆ ಅದೇ ಜಿಪಿಟಿ ಮಾಡಿಕೊಳ್ಳುತ್ತದೆ.

ಅಪ್‌ಗ್ರೇಡ್ ಆದ ಮೇಲೆ ಸಿ ಡ್ರೈವ್ ಕೆಂಪಗಾಯಿತು. ಹಳೆಯ ವಿಂಡೋಸ್ ಅನ್ನು ವಿಂಡೋಸ್.ಓಲ್ಡ್ ಅನ್ನುವ ಫೋಲ್ಡರಿನಲ್ಲಿ ಎತ್ತಿಟ್ಟಿರುತ್ತದೆ, ಹತ್ತಾರು ಜಿಬಿ. ಗಾಬರಿಯಾಗಿ ತಕ್ಷಣ ಅಳಿಸಬೇಡಿ. 10 ದಿನದೊಳಗೆ ಹಿಂದಕ್ಕೆ, ಅಂದರೆ ವಿಂಡೋಸ್ 10ಕ್ಕೇ ವಾಪಸ್ ಹೋಗಬೇಕಾದರೆ ಅದೇ ಆಧಾರ. ಆಮೇಲೆ ಅದು ತಾನಾಗಿಯೇ ಹೋಗುತ್ತದೆ. ಫಾರ್ಮ್ಯಾಟ್‌ನಲ್ಲಿ ಈ ವಾಪಸ್ ದಾರಿ ಇಲ್ಲ. ಅಂಗಡಿ ನಡೆಸುವವರಿಗೆ ಈ ಒಂದು ಕಾರಣ ಸಾಕು.

ಇನ್ನು ನನ್ನ ಲ್ಯಾಪ್‌ಟಾಪ್. ಅದರಲ್ಲಿ ಇದ್ದದ್ದೇ ಕಸ. ಕೊಂಡಾಗಲೇ ಬಂದಿದ್ದ ಟ್ರಯಲ್ ಆ್ಯಂಟಿವೈರಸ್, ಕಂಪನಿಯವರು ತುಂಬಿದ್ದ ಏಳೆಂಟು ಪ್ರೋಗ್ರಾಂ, ಮಗಳು ಹಾಕಿ ಮರೆತ ಗೇಮ್‌ಗಳು. ಅಪ್‌ಗ್ರೇಡ್ ಮಾಡಿದ್ದರೆ ಇವೆಲ್ಲ ಮೂಟೆ ಸಮೇತ 11ಕ್ಕೆ ಬರುತ್ತಿದ್ದವು. ಅದಕ್ಕೇ 8 ಜಿಬಿ ಪೆನ್‌ಡ್ರೈವ್‌ಗೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ವಿಂಡೋಸ್ ಹಾಕಿಕೊಂಡು ಹೊಸದಾಗಿ ಕೂತೆ.

ಕೂತವನಿಗೆ ಸೆಟಪ್‌ನಲ್ಲಿ ಡಿಸ್ಕೇ ಕಾಣಲಿಲ್ಲ. 11ನೇ ಪೀಳಿಗೆ ಮತ್ತು ಆಮೇಲಿನ ಇಂಟೆಲ್ ಪ್ರೊಸೆಸರ್ ಇರುವ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಹೀಗಾಗುತ್ತದೆ. ಡಿಸ್ಕ್ ಕೆಟ್ಟಿರುವುದಿಲ್ಲ, ಅದನ್ನು ಗುರುತಿಸುವ ಸಾಫ್ಟ್‌ವೇರ್, ಅಂದರೆ ಸ್ಟೋರೇಜ್ ಡ್ರೈವರ್, ಸೆಟಪ್‌ನಲ್ಲಿ ಇರುವುದಿಲ್ಲ ಅಷ್ಟೇ. ತಯಾರಕರ ಸೈಟಿನಿಂದ ಆ ಡ್ರೈವರನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಲೋಡ್ ಡ್ರೈವರ್ ಒತ್ತಿದರೆ ಡಿಸ್ಕ್ ಕಾಣಿಸುತ್ತದೆ. ವೈಫೈದೂ ಇದೇ ಕಥೆ ಆಗಬಹುದು. ವಿಂಡೋಸ್‌ನ ಹೋಮ್ ಆವೃತ್ತಿ ಮಧ್ಯದಲ್ಲಿ ಇಂಟರ್ನೆಟ್ ಕೇಳುತ್ತದೆ, ಮೈಕ್ರೋಸಾಫ್ಟ್ ಅಕೌಂಟ್ ಕೇಳುತ್ತದೆ. ವೈಫೈ ಡ್ರೈವರ್ ಇಲ್ಲದಿದ್ದರೆ ಅಲ್ಲೇ ನಿಂತುಬಿಡುತ್ತೀರಿ. ಮೊಬೈಲನ್ನು ಕೇಬಲಿನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ದಾಟಬಹುದು.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಒಳಗೆ ಹೋದರೆ ಬಹುಪಾಲು ಕಂಪ್ಯೂಟರ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ (ಕೀ ಇಲ್ಲದೆ ಡೇಟಾ ಓದಲಾಗದಂತೆ ಹಾಕುವ ಬೀಗ) ತಾನಾಗಿಯೇ ಆನ್ ಆಗುತ್ತದೆ. ರಿಕವರಿ ಕೀ ಆ ಅಕೌಂಟ್‌ನಲ್ಲಿರುತ್ತದೆ. ಸರ್ವೀಸ್ ಅಂಗಡಿಯವರು ತಾವೇ ಯಾವುದೋ ಇಮೇಲ್ ಹಾಕಿ ಕೊಟ್ಟರೆ ಕೀ ಇರುವುದು ಅವರ ಹತ್ತಿರ, ಡೇಟಾ ನಿಮ್ಮದು. ಕೇಳಿ ತಿಳಿದುಕೊಳ್ಳಿ. ಅಪ್‌ಗ್ರೇಡ್ ಮಾಡಿದಾಗ ಹೀಗೆ ತಾನಾಗಿಯೇ ಆನ್ ಆಗುವುದಿಲ್ಲ.

ಲೈಸೆನ್ಸ್ ಬಗ್ಗೆ ಚಿಂತೆ ಬೇಡ. ಮೊದಲೇ ಅಸಲಿ ವಿಂಡೋಸ್ ಇದ್ದು, 11ರಲ್ಲೂ ಅದೇ ಆವೃತ್ತಿ (ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ) ಹಾಕಿದರೆ ಇಂಟರ್ನೆಟ್ ಸಿಕ್ಕ ಕೂಡಲೇ ಆ್ಯಕ್ಟಿವೇಟ್ ಆಗುತ್ತದೆ. ಆಫೀಸ್ ಹಾಗಲ್ಲ, ಅದರ ಕೀ ಅಥವಾ ಅಕೌಂಟ್ ಮೊದಲೇ ಹುಡುಕಿಟ್ಟುಕೊಳ್ಳಿ.

ವಿಂಡೋಸ್ ಹಾಕುವುದು ಅರ್ಧ ಗಂಟೆ, ಮುಕ್ಕಾಲು ಗಂಟೆಯ ಕೆಲಸ. ನಿಜವಾದ ಕೆಲಸ ಆಮೇಲೆ. ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್, ವಾಟ್ಸ್‌ಆ್ಯಪ್, ಬ್ರೌಸರಿನ ಪಾಸ್‌ವರ್ಡ್, ಹೀಗೆ ಒಂದೊಂದಾಗಿ ನೆನಪಾಗುತ್ತಾ ವಾರಗಟ್ಟಲೆ ಎಳೆಯುತ್ತದೆ. ಕನ್ನಡಕ್ಕೆ ಬೇಕಾದದ್ದನ್ನಂತೂ ಪಟ್ಟಿ ಮಾಡಿಟ್ಟುಕೊಳ್ಳಲೇಬೇಕು. ಹಳೆಯ ವರ್ಡ್ ಫೈಲ್‌ಗಳು ತುಂಗಾ ಫಾಂಟ್‌ನಲ್ಲಿದ್ದರೆ, ಹೊಸ ವಿಂಡೋಸ್‌ನಲ್ಲಿ ತುಂಗಾ ಮೊದಲೇ ಇರದೇ ಹೋಗಬಹುದು. ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಹಾಕಿಕೊಳ್ಳಿ. ಫಾಂಟ್ ಬ್ಯಾಕಪ್ ಮಾಡುವವರು ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ನೋಡಿ ಸುಮ್ಮನಾಗುತ್ತಾರೆ. ನೀವೇ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ ಹಾಕಿಕೊಂಡ ಫಾಂಟ್‌ಗಳು ನಿಮ್ಮ ಯೂಸರ್ ಫೋಲ್ಡರಿನ ಆ್ಯಪ್‌ಡೇಟಾ ಒಳಗೆ ಅಡಗಿರಬಹುದು. ಎರಡೂ ಕಡೆ ನೋಡಿ.

ಸ್ಪೀಡ್? ಎಲ್ಲರೂ ಕೇಳುವುದು ಅದನ್ನೇ, ನನಗೆ ಅಷ್ಟು ಮುಖ್ಯ ಅನ್ನಿಸದ್ದೂ ಅದೇ. ಲ್ಯಾಪ್‌ಟಾಪ್ ಆನ್ ಆಗುವುದು ಚುರುಕಾಗಿದೆ ನಿಜ. ಆದರೆ ಅದರಲ್ಲಿ ಅರ್ಧ ಆ ಆ್ಯಂಟಿವೈರಸ್ ತೊಲಗಿದ ಪುಣ್ಯ. ಅಂಗಡಿಯದ್ದರಲ್ಲೂ ಸ್ಟಾರ್ಟಪ್ ಪಟ್ಟಿಯಿಂದ ಬೇಡದ್ದನ್ನು ತೆಗೆದ ಮೇಲೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಕಂಪ್ಯೂಟರಿನಲ್ಲಿ ಇನ್ನೂ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಈ ಎರಡರಲ್ಲಿ ಯಾವುದು ಮಾಡಿದರೂ ಅಷ್ಟಕ್ಕಷ್ಟೇ. ಎಸ್‌ಎಸ್‌ಡಿಗೆ ದುಡ್ಡು ಹಾಕಿ.

ಅಂಗಡಿಯಲ್ಲಿ ಇನ್ನೊಂದು ಕಂಪ್ಯೂಟರ್ ಉಳಿದಿದೆ. ಅಕ್ಕ ಕೂರುವುದು ಅದರ ಮುಂದೆ. 4 ಜಿಬಿ ರ‍್ಯಾಮ್ ಇದೆ ಅಂತ ಜೋಡಿಸಿದವರು 32-ಬಿಟ್ ವಿಂಡೋಸ್ 10 ಹಾಕಿಕೊಟ್ಟಿದ್ದಾರೆ. 11ರಲ್ಲಿ 32-ಬಿಟ್ ಆವೃತ್ತಿಯೇ ಇಲ್ಲ. 32ರ ಮೇಲೆ 64 ಅಪ್‌ಗ್ರೇಡ್ ಮಾಡಲು ಬರುವುದಿಲ್ಲ, ಫಾರ್ಮ್ಯಾಟ್ ಒಂದೇ ದಾರಿ. ಅಕ್ಕ ಕೇಳಿದ್ದಕ್ಕೆ ಸದ್ಯಕ್ಕೆ ಮೈಕ್ರೋಸಾಫ್ಟ್‌ನ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಸೇರಿಸಿಕೊಟ್ಟಿದ್ದೇನೆ. ಅದು 2026ರ ಅಕ್ಟೋಬರ್ 13ರವರೆಗೆ ನಡೆಯುತ್ತದೆ. ಅಷ್ಟರೊಳಗೆ ಪೇಜ್‌ಮೇಕರ್ ಸಿಡಿ ಹುಡುಕುವ ಜವಾಬ್ದಾರಿ ಭಾವನದ್ದು.