ಲಾಫಯೆಟ್‌ನಲ್ಲಿ ಮಧ್ಯಾಹ್ನದ ಕೇಜನ್ ಊಟ: ಮೂರು ಕಡೆ ತಿಂದು ನೋಡಿದ್ದು

ಅಮೆರಿಕದ ಲೂಯಿಸಿಯಾನಾ ರಾಜ್ಯದ ಲಾಫಯೆಟ್‌ನಲ್ಲಿ ಎರಡು ವರ್ಷ ಇದ್ದೆ. ಆ ಕಡೆ ಹೊರಟ ಪರಿಚಯದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಕೇಜನ್ ಊಟ ಎಲ್ಲಿ ಮಾಡಬೇಕು? ಕೇಜನ್ ಅಂದರೆ ಆ ಸೀಮೆಯ ಫ್ರೆಂಚ್ ಮೂಲದ ಜನ. ಅಲ್ಲಿ ಮಧ್ಯಾಹ್ನಕ್ಕೆ ಮೂರು ದಾರಿ ಇವೆ. ಒಂದೇ ಮನೆಯವರು ನಡೆಸುವ ಪುಟ್ಟ ಊಟದ ಅಂಗಡಿ, ಹೆದ್ದಾರಿ ಪಕ್ಕದ ದೊಡ್ಡ ರೆಸ್ಟೋರೆಂಟ್, ಮತ್ತು ಪೆಟ್ರೋಲ್ ಬಂಕಿನ ಕೌಂಟರ್. ಮೂರರಲ್ಲೂ ಮತ್ತೆಮತ್ತೆ ತಿಂದಿದ್ದೇನೆ. ಹೆಸರು ಹೇಳುವುದಿಲ್ಲ. ಇಂಥ ಜಾಗಗಳು ಆ ಸೀಮೆಯಲ್ಲಿ ಊರೂರಿಗೂ ಇವೆ, ಯಾವುದಕ್ಕೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಿದ್ದರೆ ಸಾಕು.

ಮೊದಲು ಮನೆಯವರ ಅಂಗಡಿ. ಬೆಳಗ್ಗೆ ಹತ್ತೂವರೆಗೆ ತೆಗೆದು ಎರಡು ಗಂಟೆಗೆ ಬಾಗಿಲು ಹಾಕುತ್ತಾರೆ. ಶನಿವಾರ, ಭಾನುವಾರ ರಜೆ. ಆರು ಮೇಜು, ಗೋಡೆಗೆ ಒಂದು ಬಿಳಿ ಬೋರ್ಡು. ಒಲೆ ಮುಂದೆ ಅಮ್ಮ, ಬಡಿಸಲು ಮಗ, ಗಲ್ಲಾಪೆಟ್ಟಿಗೆಯಲ್ಲಿ ಸೊಸೆ. ಸಿಗುವುದು ಪ್ಲೇಟ್ ಲಂಚ್: ಒಂದು ಮಾಂಸ, ಅನ್ನ, ಅದರ ಮೇಲೆ ಗ್ರೇವಿ, ಎರಡು ಪಲ್ಯ, ಒಂದು ಬನ್ನು. ನಾನಿದ್ದಾಗ 12-13 ಡಾಲರ್. ಸೋಮವಾರ ರಾಜ್ಮಾದಂಥ ಕೆಂಪು ಕಾಳು-ಅನ್ನ, ಶುಕ್ರವಾರ ಮೀನು ಅಥವಾ ಕ್ರಾಫಿಶ್ (ಸಿಗಡಿಯಂಥ ಸಿಹಿನೀರಿನ ಜೀವಿ), ನಡುವಿನ ದಿನಗಳಲ್ಲಿ ಕೋಳಿ, ಹಂದಿ, ದನದ ಮಾಂಸ ಸರದಿಯ ಮೇಲೆ. ಬಡಿಸುವ ಹುಡುಗ ಅನ್ನವನ್ನು ಗುಂಡಗೆ ಹಾಕಿ, ಸೌಟಿನ ಬೆನ್ನಿನಿಂದ ನಡುವೆ ಒತ್ತಿ ಗುಳಿ ಮಾಡಿ, ಆ ಗುಳಿಗೆ ಗ್ರೇವಿ ಬಿಡುತ್ತಾನೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಜ್ಜಿ ಸಾರು ಬಿಡುತ್ತಿದ್ದದ್ದೂ ಹೀಗೆಯೇ. ಮೊದಲ ದಿನ ಅದನ್ನು ನೋಡಿದಾಗಲೇ ಈ ಅಂಗಡಿ ನನಗೆ ಹತ್ತಿರವಾಯಿತು.

ಆ ಗ್ರೇವಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಮೂರೂ ಕಡೆಗಳ ನಡುವಿನ ದೊಡ್ಡ ವ್ಯತ್ಯಾಸ ಅದೇ. ಗ್ರೇವಿ ಅಂದರೆ ಹಿಟ್ಟು ಕದಡಿದ ಗಟ್ಟಿ ಸಾಸ್ ಅಂತ ನಾನು ತಿಳಿದಿದ್ದೆ. ಅಲ್ಲ. ಒಂದು ಬುಧವಾರ ಬೇಗ ಹೋಗಿದ್ದಾಗ ಅಡುಗೆಮನೆಯ ಬಾಗಿಲು ತೆರೆದಿತ್ತು, ಅಮ್ಮ ಒಳಗೆ ಕರೆದು ತೋರಿಸಿದರು. ಎರಕದ ಕಬ್ಬಿಣದ ದಪ್ಪ ಪಾತ್ರೆ. ಹಂದಿ ಮಾಂಸದ ತುಂಡುಗಳನ್ನು ಅದರಲ್ಲಿ ಚೆನ್ನಾಗಿ ಕೆಂಪಾಗಿಸಿ, ಬೇಕಂತಲೇ ತಳ ಹಿಡಿಯಲು ಬಿಡುತ್ತಾರೆ. ಅರ್ಧ ಲೋಟ ನೀರು ಹೊಯ್ದರೆ ಚುಂಯ್ ಅಂತ ಆವಿ ಏಳುತ್ತದೆ. ಚಪ್ಪಟೆ ಮರದ ಸೌಟಿನಿಂದ ತಳ ಕೆರೆಯುತ್ತಾರೆ, ನೀರು ಬಣ್ಣ ತಿರುಗುತ್ತದೆ. ನೀರು ಇಂಗಿ ಮತ್ತೆ ತಳ ಹಿಡಿಯುತ್ತದೆ, ಮತ್ತೆ ನೀರು, ಮತ್ತೆ ಕೆರೆತ. ಹೀಗೆ ನಾಲ್ಕೈದು ಸಲ. ಆಮೇಲೆ ಈರುಳ್ಳಿ, ಸೆಲರಿ, ದಪ್ಪ ಮೆಣಸಿನಕಾಯಿ. ಕೇಜನ್ ಅಡುಗೆಯವರು ‘ಪವಿತ್ರ ತ್ರಿಮೂರ್ತಿ’ ಅನ್ನುವುದು ಈ ಮೂರನ್ನೇ. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಎರಡು ಗಂಟೆ. ಈರುಳ್ಳಿ ಕರಗಿ ಕಾಣೆಯಾಗಿರುತ್ತದೆ. ಹಿಟ್ಟಿನ ಚಿಟಿಕೆಯೂ ಇಲ್ಲ, ಆ ಕಂದು ಬಣ್ಣವೆಲ್ಲ ತಳದ್ದೇ. ಸಾರಿನಷ್ಟು ತೆಳ್ಳಗೆ, ಅನ್ನದ ಒಳಗೆ ಪೂರ್ತಿ ಇಳಿಯುತ್ತದೆ.

ಹೆದ್ದಾರಿಯ ದೊಡ್ಡ ರೆಸ್ಟೋರೆಂಟಿನಲ್ಲಿ ಇದೇ ಹಂದಿ ಮಾಂಸ, ಇದೇ ಅನ್ನ ಕೇಳಿದೆ. ಬಂದದ್ದು ಹೊಳೆಯುವ ಗಟ್ಟಿ ಗ್ರೇವಿ. ಅನ್ನದ ಮೇಲೆ ಮುಸುಕು ಹಾಕಿದ ಹಾಗೆ ಕೂತಿತ್ತು, ಒಳಗೆ ಇಳಿಯಲಿಲ್ಲ. ಉಪ್ಪು ಮುಂದೆ, ಮಾಂಸದ ರುಚಿ ಹಿಂದೆ. ಬಿಲ್ಲು 28 ಡಾಲರ್, ಮೇಲೆ ಟಿಪ್ಸು. ಅನ್ನ-ಗ್ರೇವಿ ತಿನ್ನಲು ಅಲ್ಲಿಗೆ ಹೋಗಬೇಡಿ.

ಆದರೆ ಆ ರೆಸ್ಟೋರೆಂಟಿಗೆ ಸಲ್ಲಬೇಕಾದ್ದನ್ನು ಹೇಳಲೇಬೇಕು. ಮೊದಲನೆಯದು ಬೇಯಿಸಿದ ಕ್ರಾಫಿಶ್. ಕೆಂಪಗೆ ಬೆಂದ ರಾಶಿಯನ್ನು ತಟ್ಟೆಯಲ್ಲಿ ಸುರಿದು ಕೊಡುತ್ತಾರೆ, ಜತೆಗೆ ಜೋಳದ ತೆನೆ, ಆಲೂಗಡ್ಡೆ. ಮನೆಯವರ ಅಂಗಡಿಯಲ್ಲಿ ಇದು ಇಲ್ಲ. ಮಧ್ಯಾಹ್ನದ ಅರ್ಧ ಗಂಟೆಯಲ್ಲಿ ಮುಗಿಸುವ ಊಟವೂ ಅಲ್ಲ. ಕ್ರೌಲಿ ಊರಿನ ಸುತ್ತ ಭತ್ತದ ಗದ್ದೆಗಳೇ ಕ್ರಾಫಿಶ್ ಕೊಳಗಳೂ ಹೌದು. ಕೊಯ್ಲಾದ ಮೇಲೆ ನೀರು ನಿಲ್ಲಿಸಿದರೆ ಭತ್ತದ ಕೂಳೆ ತಿಂದುಕೊಂಡು ಬೆಳೆಯುತ್ತವೆ. ಮಳೆಗಾಲದಲ್ಲಿ ಗದ್ದೆ ಏಡಿ ಹಿಡಿದು ಸಾರು ಮಾಡುವ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಲೆ ತಿರುಚಿ ತೆಗೆದು, ಬಾಲದ ಮಾಂಸ ತಿಂದು, ತಲೆಯಲ್ಲಿರುವ ಹಳದಿ ಕೊಬ್ಬನ್ನು ಹೀರಬೇಕು. ಮಾರ್ಚ್‌ನಿಂದ ಮೇವರೆಗೆ ಹೋದರೆ ದೊಡ್ಡವು ಸಿಗುತ್ತವೆ.

ಎರಡನೆಯದು ಗಂಬೋ, ಅಂದರೆ ಮಾಂಸ ಅಥವಾ ಸಿಗಡಿ ಹಾಕಿದ ಸಾರು. ಇಲ್ಲಿ ನನ್ನ ತೀರ್ಪು ಮನೆಯವರ ಅಂಗಡಿಯ ಕಡೆಗಿಲ್ಲ. ಗಂಬೋಗೆ ‘ರೂ’ ಬೇಕು: ಎಣ್ಣೆಯಲ್ಲಿ ಹಿಟ್ಟನ್ನು ಕೈ ಬಿಡದೆ ತಿರುವುತ್ತಾ ಚಾಕೊಲೇಟ್ ಬಣ್ಣಕ್ಕೆ ತರುವುದು. ಸೀದರೆ ಎಲ್ಲ ಚೆಲ್ಲಬೇಕು. ದೊಡ್ಡ ರೆಸ್ಟೋರೆಂಟಿನ ಗಂಬೋದಲ್ಲಿ ಕಾಫಿ ಬೀಜ ಹುರಿದಂಥ ವಾಸನೆ ಇತ್ತು, ಒಳ್ಳೆಯ ಕಹಿ ಇತ್ತು. ಮನೆಯವರದು ಸಪ್ಪೆ. ಕೇಳಿದರೆ ಅಮ್ಮ ಮುಚ್ಚುಮರೆ ಇಲ್ಲದೆ ಬಾಟಲಿ ರೂ ತೋರಿಸಿದರು. ಅಲ್ಲಿ ಎಷ್ಟೋ ಮನೆಗಳಲ್ಲಿ ಅದೇ ಬಳಕೆ, ನಮ್ಮಲ್ಲಿ ಅಂಗಡಿಯಿಂದ ಸಾರಿನ ಪುಡಿ ತರುವ ಹಾಗೆ. ಆದರೂ ರುಚಿಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಗಂಬೋ ಒಳಗೆ ಒಂದು ಸೌಟು ಆಲೂ ಸಲಾಡ್ ಹಾಕಿಕೊಳ್ಳುವುದನ್ನು ಮಾತ್ರ ಅವರಿಂದಲೇ ಕಲಿತೆ, ಈಗಲೂ ಹಾಗೇ ತಿನ್ನುತ್ತೇನೆ.

ಎಟುಫೆ ವಿಷಯದಲ್ಲಿ ಎಚ್ಚರ ಬೇಕು. ಎಟುಫೆ ಅಂದರೆ ಫ್ರೆಂಚಿನಲ್ಲಿ ‘ಉಸಿರು ಕಟ್ಟಿಸಿದ್ದು’, ಅಂದರೆ ಮುಚ್ಚಿ ಬೇಯಿಸಿದ್ದು. ಬೆಣ್ಣೆ, ಈರುಳ್ಳಿ, ಕ್ರಾಫಿಶ್ ಬಾಲ, ಅದರದೇ ಕೊಬ್ಬು, ಇಷ್ಟರಲ್ಲೇ ಆಗುವ ಅಡುಗೆ. ಕೊಬ್ಬಿದ್ದರೆ ತಿಳಿ ಕಿತ್ತಳೆ ಬಣ್ಣ ಬರುತ್ತದೆ. ಹೆದ್ದಾರಿಯಲ್ಲಿ ನನಗೆ ಬಂದದ್ದು ಬಿಳಿಚಿಕೊಂಡಿತ್ತು, ಬಾಲಗಳು ರಬ್ಬರಿನಂತೆ. ಮೆನು ತಿರುವಿ ನೋಡಿದರೆ ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಆಮದು ಅಂತ ಇತ್ತು. ಹೊರದೇಶದ ಕ್ರಾಫಿಶ್, ಸಿಗಡಿ ಬಡಿಸುವ ಹೋಟೆಲು ಅದನ್ನು ಗಿರಾಕಿಗೆ ತಿಳಿಸಬೇಕು ಅನ್ನುವ ಕಾನೂನು ಲೂಯಿಸಿಯಾನಾದಲ್ಲಿದೆ. ಆರ್ಡರ್ ಮಾಡುವ ಮುಂಚೆ ಆ ಸಾಲು ಓದಿ. ಮನೆಯವರು ಸೀಸನ್ ಮುಗಿದ ಮೇಲೆ ಎಟುಫೆ ಮಾಡುವುದನ್ನೇ ನಿಲ್ಲಿಸುತ್ತಾರೆ, ಅಷ್ಟು ನಿಯತ್ತು.

ಖಾರದ ಬಗ್ಗೆ ಒಂದು ಮಾತು. ಕೇಜನ್ ಅಂದರೆ ಬೆಂಕಿ ಖಾರ ಅಂತ ಅಮೆರಿಕದ ಬೇರೆ ಕಡೆ ಹೆಸರಾಗಿದೆ. ಮಸಾಲೆ ಮೆತ್ತಿ ಕಪ್ಪಾಗುವಷ್ಟು ಸುಡುವ ‘ಬ್ಲ್ಯಾಕನ್ಡ್’ ಮೀನನ್ನು 1980ರ ದಶಕದಲ್ಲಿ ಪ್ರಸಿದ್ಧಿಗೆ ತಂದವರು ಬಾಣಸಿಗ ಪಾಲ್ ಪ್ರೂಡೋಮ್, ಅದೂ ನ್ಯೂ ಆರ್ಲಿಯನ್ಸಿನ ತಮ್ಮ ರೆಸ್ಟೋರೆಂಟಿನಲ್ಲಿ. ಅವರು ಹುಟ್ಟಿದ್ದು ಲಾಫಯೆಟ್ ಹತ್ತಿರದ ಓಪಲೂಸಸ್ ಕಡೆಯಾದರೂ ಆ ಮೀನು ಹಳ್ಳಿಮನೆಗಳ ಹಳೆಯ ಅಡುಗೆಯಲ್ಲ. ದೊಡ್ಡ ರೆಸ್ಟೋರೆಂಟಿನ ಮೆನುವಿನಲ್ಲಿ ಅದು ಮೊದಲ ಪುಟದಲ್ಲಿದೆ, ಮನೆಯವರ ಬೋರ್ಡಿನಲ್ಲಿ ಒಮ್ಮೆಯೂ ಕಾಣಲಿಲ್ಲ. ಅಲ್ಲಿ ಕಾಳುಮೆಣಸು, ಸ್ವಲ್ಪ ಕೆಂಪು ಮೆಣಸಿನ ಪುಡಿ, ಅಷ್ಟೇ. ನಮ್ಮ ನಾಲಿಗೆಗೆ ಸೌಮ್ಯ ಅನ್ನಿಸುತ್ತದೆ.

ಪೆಟ್ರೋಲ್ ಬಂಕಿಗೆ ಹೋಗಬೇಕಾದ್ದು ಬೂಡ್ಯಾನ್‌ಗಾಗಿ. ಅನ್ನ, ಹಂದಿ ಮಾಂಸ, ಲಿವರ್, ಈರುಳ್ಳಿ ಸೊಪ್ಪು ಕಲಸಿ ಕರುಳಿನ ಚೀಲಕ್ಕೆ ತುಂಬಿ ಬೇಯಿಸಿದ್ದು. ಐದು ಡಾಲರ್ ಒಳಗೆ ಒಂದು. ಒಂದು ತುದಿ ಕಚ್ಚಿ, ಇನ್ನೊಂದು ತುದಿಯಿಂದ ಹಿಸುಕಿಕೊಂಡು ತಿನ್ನಬೇಕು, ಸಿಪ್ಪೆ ಬಿಡಬಹುದು. ಪಕ್ಕದ ಸ್ಕಾಟ್ ಊರು ತನ್ನನ್ನು ಜಗತ್ತಿನ ಬೂಡ್ಯಾನ್ ರಾಜಧಾನಿ ಅಂತ ಕರೆದುಕೊಳ್ಳುತ್ತದೆ. ಬೆಳಗ್ಗೆ ಎಂಟಕ್ಕೆ ಹೋದರೆ ಬಿಸಿ, ಸಡಿಲ. ಮಧ್ಯಾಹ್ನದ ಹೊತ್ತಿಗೆ ಅನ್ನ ಒಣಗಿರುತ್ತದೆ. ಹಾಗಾಗಿ ಅದನ್ನು ತಿಂಡಿಗೆ ಇಟ್ಟುಕೊಳ್ಳಿ.

ಸಸ್ಯಾಹಾರಿಗಳಿಗೆ ಮೂರೂ ಕಷ್ಟ. ಸಾಸಿವೆ ಸೊಪ್ಪು, ಅಲಸಂದೆ, ಬೀನ್ಸ್, ಯಾವುದನ್ನೂ ಪಲ್ಯ ಅಂತ ನಂಬಬೇಡಿ, ಒಳಗೆ ಹಂದಿ ಮಾಂಸದ ಚೂರು ಇರುತ್ತದೆ. ಬೆಂಡೆಕಾಯಿಯಲ್ಲಿ ಸಿಗಡಿಯೋ ಸಾಸೇಜೋ ಇರಬಹುದು. ದೊಡ್ಡ ರೆಸ್ಟೋರೆಂಟಿನಲ್ಲಿ ಕೇಳಿದರೆ ಹುಡುಗರು ಮೆನು ನೋಡಿ ಹೇಳುತ್ತಾರೆ. ಮನೆಯವರ ಅಂಗಡಿಯಲ್ಲಿ ಕೇಳಿದರೆ ಮಾಡಿದವರೇ ಹೇಳುತ್ತಾರೆ. ಬೆಂಗಳೂರಿನಿಂದ ಬಂದಿದ್ದ ನನ್ನ ಅತ್ತಿಗೆ ಮಾಂಸ ಮುಟ್ಟುವುದಿಲ್ಲ. ಅಮ್ಮ ಅವರಿಗೆಂದೇ ಜೋಳ-ಟೊಮೇಟೊ ಹಾಕಿದ ಮಾಕ್ ಶೂ ಅನ್ನು ಬೆಣ್ಣೆಯಲ್ಲಿ ಬೇರೆ ಬಾಣಲೆಯಲ್ಲಿ ಮಾಡಿಕೊಟ್ಟರು. “ಇನ್ನೊಂಚೂರು ಹಾಕ್ಲಾ ಷಾ?” ಅಂತ ಕೇಳಿ ಕೇಳಿ ಬಡಿಸಿದರು. ಷಾ ಅಂದರೆ ಅವರ ಫ್ರೆಂಚಿನಲ್ಲಿ ನಮ್ಮ ‘ಪುಟ್ಟಾ’ ಇದ್ದ ಹಾಗೆ. 1755ರಲ್ಲಿ ಬ್ರಿಟಿಷರು ಈಗಿನ ಕೆನಡಾದ ಅಕೇಡಿಯಾದಿಂದ ಹೊರದಬ್ಬಿದ ಜನರ, ಅಂದರೆ ಕೇಜನ್ನರ ಪೂರ್ವಿಕರ, ಮಾತು ಅದು. 1921ರ ರಾಜ್ಯ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷನ್ನೇ ಕಡ್ಡಾಯ ಮಾಡಿದ ಮೇಲೆ ಫ್ರೆಂಚ್ ಆಡಿದ ಮಕ್ಕಳನ್ನು ಮಂಡಿಯೂರಿಸುತ್ತಿದ್ದರಂತೆ, ಈ ಅಮ್ಮನ ತಾಯಿಯೂ ಹಾಗೆ ಕೂತವರು. ಮಗನಿಗೆ ಭಾಷೆ ಬರುವುದಿಲ್ಲ. ಷಾ ಬರುತ್ತದೆ, ಲ್ಯಾನ್ಯಾಪ್ ಬರುತ್ತದೆ. ಲ್ಯಾನ್ಯಾಪ್ ಅಂದರೆ ಕೊಸರು. ಪ್ಲೇಟು ಮುಚ್ಚುವ ಮುಂಚೆ ಅವನು ಇನ್ನೊಂದು ತುಂಡು ಹಾಕುವುದು ಅದೇ ಲೆಕ್ಕದಲ್ಲಿ.

ಒಂದೇ ದಿನ ಸಿಗುವುದಾದರೆ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರ ಮನೆಯವರ ಅಂಗಡಿಗೆ ಹೋಗಿ. ಕ್ಯಾಥೊಲಿಕ್ ಊರು, ಅಂದು ಮಾಂಸ ಇಲ್ಲ, ಬೋರ್ಡಿನ ಮೇಲೆ ಎಟುಫೆ ಮತ್ತು ಕರಿದ ಕ್ಯಾಟ್‌ಫಿಶ್. ಹನ್ನೊಂದು ಹೊಡೆಯುವ ಮುಂಚೆ ಸಾಲಿನಲ್ಲಿರಬೇಕು. ಹನ್ನೆರಡೂವರೆ ಹೊತ್ತಿಗೆ ಸೊಸೆ ಗಲ್ಲಾಪೆಟ್ಟಿಗೆಯಿಂದ ಎದ್ದು ಬಂದು ಎಟುಫೆ ಅನ್ನುವ ಪದವನ್ನು ಅಂಗೈಯಿಂದ ಒರೆಸಿಬಿಡುತ್ತಾಳೆ.