ವಾಸ್ಕೋದಿಂದ ಬೆಳಗಾವಿಗೆ: ಅನಮೋಡ ಬಿಟ್ಟೆ, ಚೋರ್ಲಾ ಹಿಡಿದೆ

ಗೋವಾದಲ್ಲಿರುವ ನಮ್ಮ ಕಡೆಯವರು ಊರಿಗೆ ಹೊರಟರೆ ಮೊದಲ ಪ್ರಶ್ನೆ, ‘ಯಾವ ಘಾಟಿನ್ಯಾಗ ಹೊಂಟೀರಿ?’ ನಾನು ವರ್ಷಗಟ್ಟಲೆ ಅನಮೋಡ ಪಕ್ಷದವನಾಗಿದ್ದೆ. ಈಗ ಚೋರ್ಲಾ, ಮತ್ತೆ ಪಕ್ಷ ಬದಲಿಸುವ ಯೋಚನೆ ಇಲ್ಲ. ಎರಡೂ ದಾರಿಗೆ ಕೆಳಗೆ ಹಳೇ ಗಣಿ ಊರುಗಳಿವೆ, ಮೇಲೆ ಸಹ್ಯಾದ್ರಿಯ ಕಣಿವೆ ಇದೆ. ಹಾಗಾಗಿ ಬರೀ ಊರು ಮುಟ್ಟುವ ಲೆಕ್ಕವಲ್ಲ, ಕಣ್ಣಿಗೆ ಏನು ಸಿಗುತ್ತದೆ ಅನ್ನುವುದನ್ನೂ ಹಿಡಿದೇ ಹೇಳುತ್ತೇನೆ. ಗಾಡಿ ಹಳೇ ವ್ಯಾಗನ್ ಆರ್. ಹಿಂದಿನ ಸೀಟಿನಲ್ಲಿ ಅವ್ವ, ಮಕ್ಕಳು.

ಅನಮೋಡಕ್ಕೆ ನಾವು ಮಡಗಾಂವ, ಸಾವರ್ಡೆ, ಮೊಲೆಂ ಮೇಲೆ ಹೋಗುತ್ತಿದ್ದೆವು. ಸಾವರ್ಡೆ-ಕುಡಚಡೆ ಅಂದರೆ ಒಂದು ಕಾಲಕ್ಕೆ ಅದಿರಿನ ರಾಜಧಾನಿ. ಟಿಪ್ಪರ್‌ಗಳು ಸಾಲುಗಟ್ಟಿ ನದಿ ದಂಡೆಗೆ ಓಡುತ್ತಿದ್ದವು, ಅಲ್ಲಿಂದ ಬಾರ್ಜ್‌ನಲ್ಲಿ ಮುರಗಾಂವ ಬಂದರಿಗೆ. ನಮ್ಮ ಬಳ್ಳಾರಿಯ ಅದಿರೂ ಇದೇ ಬಂದರಿಗೆ ಬರುತ್ತಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿ ನಿಲ್ಲಿಸಿತು, 2012ರಲ್ಲಿ ಗೋವಾದ್ದೂ ನಿಂತಿತು. ಈಗಲೂ ಅಲ್ಲಲ್ಲಿ ಹಿತ್ತಲಲ್ಲಿ ನಿಂತ ಟಿಪ್ಪರ್ ಕಾಣುತ್ತದೆ. ಟೈರ್ ಬಿಚ್ಚಿ ಕಲ್ಲಿನ ಮೇಲೆ ಕೂರಿಸಿರುತ್ತಾರೆ, ಸ್ಟೀರಿಂಗ್‌ವರೆಗೆ ಬಳ್ಳಿ ಹಬ್ಬಿರುತ್ತದೆ. ಅಲ್ಲಿಯವರೆಗೆ ನನಗೆ ಈ ದಾರಿಯ ಮೇಲೆ ತಕರಾರೇ ಇಲ್ಲ.

ತಕರಾರು ಮೊಲೆಂ ದಾಟಿದ ಮೇಲೆ. ಲಾರಿ! ಹಗಲು-ರಾತ್ರಿ, ಮಳೆ-ಬಿಸಿಲು ಅನ್ನದೆ ಲಾರಿ. ತಿರುವಿನಲ್ಲಿ ಹದಿನಾರು ಗಾಲಿಯ ಗಾಡಿ ಅರ್ಧ ರಸ್ತೆ ತಿಂದುಕೊಂಡೇ ಹತ್ತಬೇಕು, ಅದರ ಬೆನ್ನಿಗೆ ನೀವು ಮೊದಲ ಗೇರ್, ಎರಡನೇ ಗೇರ್, ಮತ್ತೆ ಮೊದಲ ಗೇರ್. ಹೊಗೆ ನೇರ ಒಳಗೆ. ಅವ್ವ ‘ತಮ್ಮಾ, ಕಿಡಕಿ ಕಾಚ ಏರಸಪಾ’ ಅಂತಾಳೆ. ಏರಿಸಿದರೆ ಎಸಿ ಹಾಕಬೇಕು, ಎಸಿ ಹಾಕಿದರೆ ನಮ್ಮ ಗಾಡಿ ಏರು ಹತ್ತುವುದಿಲ್ಲ.

ಇದನ್ನಾದರೂ ತಡೆದುಕೊಳ್ಳಬಹುದು. ಲಾರಿ ಕೆಟ್ಟು ನಿಂತಾಗ ಮಾತ್ರ ಕಥೆ ಮುಗಿಯಿತು. ಕಳೆದ ಮಳೆಗಾಲದಲ್ಲಿ ತಿರುವಿನ ನಟ್ಟನಡುವೆ ಒಂದು ಲಾರಿಯ ಎಕ್ಸೆಲ್ ಕಟ್ಟಾಗಿತ್ತು. ಕ್ಲೀನರ್ ಹುಡುಗ ಗಾಲಿಗೆ ಕಲ್ಲು ಕೊಟ್ಟು, ಪಕ್ಕದ ಕಾಡಿನಿಂದ ಹಸಿ ಕೊಂಬೆ ಮುರಿದು ತಂದು ರಸ್ತೆಗೆ ಅಡ್ಡ ಇಟ್ಟಿದ್ದ. ಆ ಕೊಂಬೆಯ ಎಲೆ ಬಾಡುವವರೆಗೂ ನಾವು ಅಲ್ಲೇ ಇದ್ದೆವು. ಬೈಕಿನವರು ಸಂದಿಯಲ್ಲಿ ನುಸುಳಿ ಹೋದರು. ಕಾರಿನವರು ಎರಡನೇ ಸಾಲು ಮಾಡಿ ಮುಂದೆ ನುಗ್ಗಿದರು, ಎದುರಿನವರೂ ಅದನ್ನೇ ಮಾಡಿದರು, ಅಲ್ಲಿಗೆ ಪೂರ್ತಿ ಬಂದ್. ಮಕ್ಕಳಿಗೆ ಇಳಿಯಲು ಜಾಗವಿಲ್ಲ, ಒಂದು ಕಡೆ ದರೆ, ಇನ್ನೊಂದು ಕಡೆ ಕಂದರ. ನನ್ನ ಹೆಂಡತಿ ಆಗಲೇ ಫರ್ಮಾನು ಹೊರಡಿಸಿದಳು: ‘ಇನ್ನೊಮ್ಮೆ ಈ ಹಾದಿ ಹಿಡದ್ರ ನಾ ರೈಲಿಗೆ ಬರ್ತೀನ್ರಿ.’

ಚೋರ್ಲಾ ಹೀಗಲ್ಲ. ಅಲ್ಲಿ ಲಾರಿ ಇಲ್ಲವೆಂದಲ್ಲ, ನಮಗೆ ಈವರೆಗೆ ಅಂಥ ಸಾಲು ಸಿಕ್ಕಿಲ್ಲ. ಜುವಾರಿ ಸೇತುವೆ, ಪಣಜಿ ದಾಟಿ ಡಿಚೋಲಿ, ಸಾಖಳಿ. ಡಿಚೋಲಿ ಸುತ್ತ ಗುಡ್ಡದಂತೆ ಕಾಣುವ ಕೆಲವು ಗುಡ್ಡಗಳು ನಿಜವಾಗಿ ಗಣಿ ಮಣ್ಣಿನ ರಾಶಿ. ತಲೆ ಚಪ್ಪಟೆ, ಮೈ ಮೆಟ್ಟಿಲು ಮೆಟ್ಟಿಲು, ಮೇಲೆ ನೆಟ್ಟ ಅಕೇಶಿಯಾ. 2018ರಲ್ಲಿ ಸುಪ್ರೀಂ ಕೋರ್ಟ್ ಗೋವಾದ 88 ಗಣಿ ಗುತ್ತಿಗೆ ರದ್ದು ಮಾಡಿದಾಗ ಈ ಪೇಟೆಗಳೂ ಮಂಕಾದವು. ಹರಾಜಿನ ನಂತರ 2024ರಲ್ಲಿ ಡಿಚೋಲಿಯಲ್ಲಿ ಮತ್ತೆ ಅಗೆತ ಶುರುವಾಗಿದೆ. ಸಾಖಳಿ ಹತ್ತಿರ ಹರವಳೆಯ ಜಲಪಾತ, ಬಂಡೆ ಕೊರೆದ ಗುಹೆಗಳಿವೆ, ಅರ್ಧ ಗಂಟೆ ಸಾಕು.

ಆಮೇಲೆ ಏರು. ಘಾಟಿನಲ್ಲಿ ರಸ್ತೆ ಪಕ್ಕ ಧುಮುಕುವ ನೀರು ಮಹದಾಯಿ ಸೇರಿ, ಮಾಂಡವಿಯಾಗಿ, ನಾವು ಬೆಳಿಗ್ಗೆ ದಾಟಿ ಬಂದ ಪಣಜಿಗೇ ಹೋಗುತ್ತದೆ. ಘಾಟು ಮುಗಿಸಿ ಕಣಕುಂಬಿಗೆ ಬಂದರೆ ಮಲಪ್ರಭೆ ಹುಟ್ಟುತ್ತಾಳೆ, ನವಿಲುತೀರ್ಥ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆ ಸೇರುತ್ತಾಳೆ. ಒಂದು ಪಶ್ಚಿಮದ ಕಡಲಿಗೆ, ಇನ್ನೊಂದು ಪೂರ್ವದ ಕಡಲಿಗೆ. ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಯ ಗಲಾಟೆಯನ್ನು ಪೇಪರಿನಲ್ಲಿ ಎಷ್ಟು ಓದಿದರೂ ತಲೆಗೆ ಹೋಗಿರಲಿಲ್ಲ. ಕಣಕುಂಬಿಯಲ್ಲಿ ಕಳಸಾ ನಾಲೆ ನೋಡಿದ ಮೇಲೆ ಹೋಯಿತು. ಗೋವಾದಲ್ಲಿ ಕೂತು ಇದನ್ನು ಜೋರಾಗಿ ಮಾತಾಡುವ ಹಾಗಿಲ್ಲ, ಬಿಡಿ.

ಅನಮೋಡಕ್ಕೆ ಸಲ್ಲಬೇಕಾದ್ದು ಒಂದಿದೆ: ಮೊಲೆಂ ಬದಿಯ ತಾಂಬಡಿ ಸುರ್ಲಾ. ಕಾಡಿನ ನಡುವೆ ಕದಂಬರ ಕಾಲದ ಕರಿಕಲ್ಲಿನ ಮಹಾದೇವ ಗುಡಿ. ಅದಕ್ಕೆಂದೇ ಬೇರೆ ದಿನ ಹೋಗಿಬನ್ನಿ. ದೂಧ್‌ಸಾಗರ ರಸ್ತೆಯಿಂದ ಕಾಣುವುದಿಲ್ಲ, ಆಸೆ ಇಟ್ಟುಕೊಳ್ಳಬೇಡಿ.

ಚೋರ್ಲಾದ ಕೊರತೆ: ಮಂಜು. ಜುಲೈನಲ್ಲಿ ಬಾನೆಟ್ ಆಚೆ ಏನೂ ಕಾಣದ ಹೊತ್ತೂ ಇರುತ್ತದೆ. ಮೊಬೈಲ್ ಸಿಗ್ನಲ್ ಹೋಗುತ್ತದೆ, ಅದಕ್ಕೇ ಚಹಾಕ್ಕೆ ಚಿಲ್ಲರೆ ಕಾಸು ಇಟ್ಟುಕೊಳ್ಳಿ. ಜಾಂಬೋಟಿಯಿಂದಾಚೆ ಗುಂಡಿಗಳು. ಪೆಟ್ರೋಲ್ ಮಾತ್ರ ಗೋವಾದಲ್ಲೇ ತುಂಬಿಸಿ, ಅಗ್ಗ.

ರಾತ್ರಿ ಒಬ್ಬರೇ ಹೊರಡುವವರು, ಧಾರವಾಡ-ಹುಬ್ಬಳ್ಳಿಗೆ ಹೋಗುವವರು ಅನಮೋಡಕ್ಕೇ ಹೋಗಿ. ಲಾರಿ ಇದ್ದಲ್ಲಿ ಜನ ಇರುತ್ತಾರೆ, ಪಂಕ್ಚರ್ ಅಂಗಡಿಯೂ ಸಿಗುತ್ತದೆ. ನನ್ನಂತೆ ನಸುಕಿಗೆ ಹೊರಟು, ಸಣ್ಣ ಗಾಡಿಯಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು, ನಿಂತು ನಿಂತು ಹೋಗುವವರಿಗೆ ಚೋರ್ಲಾ. ಮಳೆಗಾಲದಲ್ಲಿ ಸಂಜೆ ನಾಲ್ಕು ದಾಟಿದ ಮೇಲೆ ಮಾತ್ರ ಸಾಖಳಿಯಿಂದ ಮುಂದೆ ಹೋಗಬೇಡಿ.