ಬೈಕ್ ಮೇಲೆ ಕೀ ಕೊಡುವ ವಾಚ್: ನಾಲ್ಕು ವರ್ಷದ ಬಳಕೆ

"ಬೈಕ್ ಓಡಿಸುವಾಗ ಕೀ ಕೊಡೋ ವಾಚ್ ಕಟ್ಟಬೇಡ, ಆ ನಡುಕಕ್ಕೆ ಒಳಗಿರೋದೆಲ್ಲ ಸಡಿಲ ಆಗುತ್ತೆ" ಅಂತ ಹೆದರಿಸಿದವರೇ ಜಾಸ್ತಿ. ನಾನು ಕೇಳಲಿಲ್ಲ. ಸೋದರಮಾವ ಕೊಟ್ಟ ಎಚ್‌ಎಂಟಿ ಜನತಾ ಕಟ್ಟಿಕೊಂಡು, 350 ಸಿಸಿ ಸಿಂಗಲ್ ಸಿಲಿಂಡರ್ ಬೈಕಿನಲ್ಲಿ ಸುಮಾರು 38,000 ಕಿಲೋಮೀಟರ್ ಸುತ್ತಿದ್ದೇನೆ. ವಾಚ್ ಎರಡು ಸಲ ಕೈಕೊಟ್ಟಿತು. ಎರಡಕ್ಕೂ ಕಾರಣ ನಡುಕ ಅಲ್ಲ, ನಾನು.

ಜನತಾದ ಒಳಗೆ ಅತ್ತಿತ್ತ ಆಡುತ್ತಾ ಕಾಲ ಅಳೆಯುವ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಸಲ ಬಡಿಯುತ್ತದೆ, ಅಂದರೆ ಸೆಕೆಂಡಿಗೆ 5. ಇಂಜಿನ್ 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಇಬ್ಬರ ತಾಳವೇ ಬೇರೆ. ನಿಜವಾಗಿ ಹೆದರಬೇಕಾದ್ದು ರಸ್ತೆಯ ಗುಂಡಿಗಳಿಗೆ. ಆ ಚಕ್ರದ ಕೂದಲೆಳೆಯಂಥ ತುದಿ ಏಟು ಬಿದ್ದರೆ ಮುರಿಯಬಹುದು. ಅದಕ್ಕೇ ಪ್ಯಾರಾಶಾಕ್ ಇರುವುದು: ತುದಿ ಕೂತಿರುವ ಕಲ್ಲು ಪುಟ್ಟ ಸ್ಪ್ರಿಂಗ್ ಮೇಲೆ ಸ್ವಲ್ಪ ಜಗ್ಗುತ್ತದೆ. ನಾನು ಬರೆದಿಟ್ಟ ಲೆಕ್ಕ ಇದು: ಮನೆಯಲ್ಲಿದ್ದ ದಿನ 15 ಸೆಕೆಂಡ್ ಮುಂದೆ, ಹಾಸನಕ್ಕೆ ಹೋಗಿ ಬಂದ ದಿನ 20. ಅಷ್ಟೇ.

ಎರಡನೇ ವರ್ಷ ಒಂದು ದಿನ ಇದ್ದಕ್ಕಿದ್ದಂತೆ ಹನ್ನೆರಡು ನಿಮಿಷ ಮುಂದೆ ಓಡಿತು. ಅವೆನ್ಯೂ ರೋಡಿನ ರಿಪೇರಿಯವರು ವಾಚ್ ಬಿಚ್ಚಲೂ ಇಲ್ಲ. ಪುಟಾಣಿ ದಿಕ್ಸೂಚಿಯೊಂದನ್ನು ಹತ್ತಿರ ಹಿಡಿದರು. ಮುಳ್ಳು ಗಿರ್ರನೆ ತಿರುಗಿತು. "ಮ್ಯಾಗ್ನೆಟ್ ಹಿಡಿದಿದೆ ಸಾರ್. ಏನು ಇಟ್ಕೊಂಡಿದ್ರಿ?" ಹೇರ್‌ಸ್ಪ್ರಿಂಗ್ ಅಂದರೆ ಬ್ಯಾಲೆನ್ಸ್ ಚಕ್ರವನ್ನು ಆಡಿಸುವ ತೆಳು ಸ್ಪ್ರಿಂಗ್. ಅದರ ಸುರುಳಿಗಳು ಒಂದಕ್ಕೊಂದು ಅಂಟಿದರೆ ಸ್ಪ್ರಿಂಗ್ ಗಿಡ್ಡವಾದ ಹಾಗೆ, ವಾಚ್ ಜೋರಾಗಿ ಓಡತೊಡಗುತ್ತದೆ. ಆಮೇಲೆ ಹೊಳೆಯಿತು, ಪೆಟ್ರೋಲ್ ಟ್ಯಾಂಕಿಗೆ ಅಯಸ್ಕಾಂತದಿಂದ ಅಂಟುವ ಟ್ಯಾಂಕ್ ಬ್ಯಾಗ್! ಬಂಕಿನಲ್ಲಿ ಪ್ರತಿಸಲ ಅದನ್ನು ಎಡಗೈಯಲ್ಲಿ ಎತ್ತಿ ಹಿಡಿಯುತ್ತಿದ್ದೆ. ಅದರ ಅಯಸ್ಕಾಂತದ ಪಟ್ಟಿ ನೇರ ಮಣಿಕಟ್ಟಿನ ಮೇಲೆ. ರಿಪೇರಿಯವರು ವಾಚನ್ನು ಮ್ಯಾಗ್ನೆಟ್ ಬಿಡಿಸುವ ಒಂದು ನೀಲಿ ಡಬ್ಬಿ ಮೇಲಿಟ್ಟು, ಗುಂಡಿ ಒತ್ತಿ, ನಿಧಾನಕ್ಕೆ ಮೇಲೆತ್ತಿದರು. ಒಂದು ನಿಮಿಷವೂ ಹಿಡಿಯಲಿಲ್ಲ. ಈಗ ಬೆಲ್ಟಿನಿಂದ ಕಟ್ಟುವ ಬ್ಯಾಗ್ ಇಟ್ಟಿದ್ದೇನೆ.

ಎರಡನೆಯದು ಮಳೆ. ಜುಲೈನಲ್ಲಿ ಆಗುಂಬೆ ಘಾಟಿಗೆ ಇಷ್ಟು ಹಳೆಯ ವಾಚ್ ಕಟ್ಟಿಕೊಂಡು ಹೋಗುವುದು ಶುದ್ಧ ಪೆದ್ದುತನ. ಗಾಜಿನೊಳಗೆ ಮಂಜು ಕಟ್ಟಿತು. ಬಿಚ್ಚಿ ಒರೆಸಿ ಎಣ್ಣೆ ಹಾಕಿಸಬೇಕಾಯಿತು. ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದಂತೂ ಸುಮ್ನೆ.

ಪಟ್ಟಿ ವಿಷಯಕ್ಕೆ ಬಂದರೆ, ಸ್ಟೀಲ್ ಚೈನ್ ಬೇಡವೇ ಬೇಡ. ಗ್ಲೌಸ್ ಒಳಗೆ ಕೂದಲು ಕೀಳುತ್ತದೆ, ಬಿಸಿಲಿಗೆ ಕಾಯುತ್ತದೆ. ಒಂದೇ ತುಂಡಿನ ನೈಲಾನ್ ಪಟ್ಟಿ ಹಾಕಿ. ಪಟ್ಟಿಯನ್ನು ವಾಚಿಗೆ ಹಿಡಿದಿಡುವ ಎರಡು ಕಡ್ಡಿಗಳಲ್ಲಿ (ಸ್ಪ್ರಿಂಗ್ ಬಾರ್) ಒಂದು ಕಿತ್ತುಹೋದರೂ ವಾಚ್ ಇನ್ನೊಂದರಲ್ಲಿ ನೇತಾಡುತ್ತದೆ. ನನಗೆ ಹಾಗೆ ಆಗಿದೆ, ತುಮಕೂರು ಹೆದ್ದಾರಿಯಲ್ಲಿ. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಹಿಂದಕ್ಕೆ ಕಟ್ಟಿ. ಇಲ್ಲದಿದ್ದರೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕ್ಲಚ್ ಹಿಡಿದೂ ಹಿಡಿದೂ ವಾಚಿನ ಕೀ ಕೈಗೆ ಒತ್ತಿ ಕೆಂಪು ಗುರುತು ಬೀಳುತ್ತದೆ. ಗಾಜು ಪ್ಲಾಸ್ಟಿಕ್ ಆದ್ದರಿಂದ ಜಾಕೆಟ್ ಜಿಪ್ಪಿಗೆ ಗೀರು ಸಹಜ. ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಮಾಯ.

ನಿಜ ಹೇಳಬೇಕಂದ್ರೆ, ಓಡಿಸುವಾಗ ಜಾಕೆಟ್ ತೋಳಿನಡಿ ವಾಚ್ ಕಾಣುವುದೇ ಇಲ್ಲ. ಟೈಮ್ ನೋಡಲು ಮೀಟರಿನಲ್ಲೇ ಗಡಿಯಾರ ಇದೆ. ನನಗೆ ಬೇಕಾದ್ದು ಬೆಳಿಗ್ಗೆ ಇಂಜಿನ್ ಬಿಸಿಯಾಗುವಷ್ಟರಲ್ಲಿ ಕೀ ಕೊಡುವ ಆ ಅರ್ಧ ನಿಮಿಷ. ಹೊಸದಾಗಿ ಹುಡುಕುವವರು ಹುಷಾರು. ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ 2016ರಲ್ಲೇ ಆಯಿತು. ಹಳೆಯ ಮಾಲಿನಲ್ಲಿ ಡಯಲ್ ಫಳಫಳ ಹೊಳೆಯುತ್ತಿದ್ದರೆ ಅದಕ್ಕೆ ಹೊಸ ಬಣ್ಣ ಬಳಿದಿರಬಹುದು, ಮೊದಲು ಹಿಂದಿನ ಮುಚ್ಚಳ ತೆಗೆಸಿ ನೋಡಿ.